ಬೆರಳಚ್ಚನ್ನು ನಿರಾಕರಿಸಿದ ಗುಂಪು: ಕೋಲಾರ ಚಿನ್ನದ ಗಣಿಯಲ್ಲಿ ವ್ಯಕ್ತಿ ಮತ್ತು ಸಮೂಹ

1

ಗುಂಪಿನಲ್ಲಿ ಸೇರಿದ ಮನುಷ್ಯನು ತನ್ನ ವಿವೇಕವನ್ನು ಕಳೆದುಕೊಳ್ಳುತ್ತಾನೆ ಎಂಬ ನಂಬಿಕೆ ಬಹಳ ಹಳೆಯದು. ನಮ್ಮ ಮಾತಿನಲ್ಲಿ ಅದಕ್ಕೆ 'ಕುರಿಮಂದೆ' ಎಂಬ ರೂಪಕವೇ ಇದೆ. ಫ್ರಾನ್ಸಿನ ಗುಸ್ತಾವ್ ಲ ಬಾನ್ ಗುಂಪಿನ ಮನೋಧರ್ಮವನ್ನು ಕುರಿತು 1895ರಲ್ಲಿ ಪ್ರಕಟಿಸಿದ ಕೃತಿಯು ಈ ನಂಬಿಕೆಗೆ ಶಾಸ್ತ್ರದ ಮನ್ನಣೆಯನ್ನು ತಂದುಕೊಟ್ಟಿತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕೆಯ ಸಾಲಮನ್ ಆಶ್ ನಡೆಸಿದ ಪ್ರಯೋಗಗಳು ಇದೇ ವಿಚಾರಕ್ಕೆ ಬೇರೊಂದು ಆಧಾರವನ್ನು ಒದಗಿಸಿದವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಗೆರೆಗಳ ಉದ್ದವನ್ನು ಹೋಲಿಸುವ ಸರಳವಾದ ಕೆಲಸದಲ್ಲಿ ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಉತ್ತರವನ್ನು ಹೇಳಿದಾಗ, ಪ್ರಯೋಗಕ್ಕೆ ಒಳಗಾದವರು ಕೊಟ್ಟ ಉತ್ತರಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಆ ತಪ್ಪನ್ನೇ ಅನುಸರಿಸಿದವು. ಆದರೆ ಇದೇ ಪ್ರಯೋಗದ ಇನ್ನೆರಡು ಫಲಿತಾಂಶಗಳು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಸುಮಾರು ಕಾಲುಭಾಗದಷ್ಟು ಜನ ಒಮ್ಮೆಯೂ ಗುಂಪಿಗೆ ಮಣಿಯಲಿಲ್ಲ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳುವವನಿದ್ದರೂ ಮಣಿಯುವಿಕೆಯ ಪ್ರಮಾಣ ಗಣನೀಯವಾಗಿ ಇಳಿಯುತ್ತಿತ್ತು. ಎಂದರೆ ವ್ಯಕ್ತಿಯನ್ನು ಕುಗ್ಗಿಸುವುದು ಗುಂಪಿನ ಗಾತ್ರವಷ್ಟೇ ಅಲ್ಲ. ತನ್ನ ಜೊತೆಗೆ ಯಾರೂ ಇಲ್ಲವೆಂಬ ಸ್ಥಿತಿ.

ಈ ಕೊನೆಯ ಮಾತನ್ನು ಕೈದೀವಿಗೆಯಾಗಿ ಇಟ್ಟುಕೊಂಡು ಕರ್ನಾಟಕದ ಕಾರ್ಮಿಕ ಚರಿತ್ರೆಯ ಒಂದು ಘಟನೆಯನ್ನು ಮತ್ತು ಆ ಘಟನೆಯ ನೆಲವನ್ನು ಕುರಿತು ಹುಟ್ಟಿಕೊಂಡಿರುವ ಸಂಕಥನಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. 1930ರ ಏಪ್ರಿಲ್ ತಿಂಗಳಲ್ಲಿ ಕೋಲಾರ ಚಿನ್ನದ ಗಣಿಯ ಕಾರ್ಮಿಕರು ಬೆರಳಚ್ಚು ನೋಂದಣಿಯನ್ನು ವಿರೋಧಿಸಿ 21 ದಿನಗಳ ಮುಷ್ಕರ ಹೂಡಿದರು. ಆಗ ಅವರಿಗೆ ಮಾನ್ಯತೆ ಪಡೆದ ಸಂಘವಿರಲಿಲ್ಲ. ಎಲ್ಲರೂ ಹೆಸರಿಸಬಹುದಾದ ನಾಯಕನೂ ಇರಲಿಲ್ಲ. ಸಾವಿರಾರು ಜನ ಒಂದೇ ರೀತಿ ನಡೆದುಕೊಂಡದ್ದನ್ನು ನಾವು ಹೇಗೆ ಅರ್ಥಮಾಡಿಕೊಳ್ಳಬೇಕು? ಅದು ಗುಂಪಿಗೆ ಮಣಿದ ವ್ಯಕ್ತಿಗಳ ನಡವಳಿಕೆಯೇ? ಅಥವಾ ಗುಂಪಿನಿಂದಾಗಿಯೇ ಸಾಧ್ಯವಾದ ವ್ಯಕ್ತಿಗಳ ನಿರಾಕರಣೆಯೇ?

2

ಉತ್ತರವನ್ನು ಹುಡುಕುವ ಮೊದಲು ಆ ಸಮೂಹ ರೂಪುಗೊಂಡ ಬಗೆಯನ್ನು ಗಮನಿಸಬೇಕು. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಇಲ್ಲಿ ಆಳದ ಗಣಿಗಾರಿಕೆ ಆರಂಭವಾಯಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಪ್ರಸಿದ್ಧವಾದವು. ಕಮಿಷನರ್ ಬೌರಿಂಗರ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ ಕವಲು ರೈಲುಮಾರ್ಗ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಈ ಗಣಿಗಳಿಗೆ. ಹೀಗೆ ಬಂಡವಾಳ, ರೈಲು, ವಿದ್ಯುತ್ತು ಮೂರೂ ಕೂಡಿದ ಈ ನೆಲಕ್ಕೆ ದುಡಿಯುವ ಜನ ಬಂದದ್ದು ಮುಖ್ಯವಾಗಿ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ. ಅವರಲ್ಲಿ ಬಹುಸಂಖ್ಯಾತರು ತಮಿಳು ಮಾತನಾಡುವ ಆದಿದ್ರಾವಿಡರು. ಹಳ್ಳಿಯ ಜಮೀನ್ದಾರನ ಜೀತಕ್ಕೆ ಹೋಲಿಸಿದರೆ ಗಣಿಯ ನಗದು ಕೂಲಿ ಒಂದು ಬಿಡುಗಡೆಯ ದಾರಿಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಹಳ್ಳಿಯ ಗುಂಪನ್ನು ಬಿಟ್ಟು ಬಂದವನು ಒಂಟಿಯಾಗಿ ಉಳಿಯಲಿಲ್ಲ. ಅವನು ಒಂದರೊಳಗೊಂದು ಹೆಣೆದುಕೊಂಡ ಹಲವು ಗುಂಪುಗಳೊಳಗೆ ಸೇರಿದನು. ಮೊದಲನೆಯದು ಅವನನ್ನು ಕರೆತಂದ ಮೇಸ್ತ್ರಿ ಅಥವಾ ಗುತ್ತಿಗೆದಾರನ ತಂಡ. ಇಲ್ಲಿ ಸಂಬಂಧವೆಂದರೆ ಮುಂಗಡ, ಸಾಲ ಮತ್ತು ಅಧೀನತೆ. ಎರಡನೆಯದು ಗಣಿಯ ಸುತ್ತ ಎದ್ದ 'ಲೈನು'ಗಳ ವಸತಿ. ಊರು, ಬಂಧುತ್ವ, ಜಾತಿಗಳ ನೆನಪು ಅಲ್ಲಿಯೂ ಕೆಲಸ ಮಾಡುತ್ತಿತ್ತು. ಮೂರನೆಯದು ನೆಲದಡಿಯ ಜೊತೆಗಾರರ ಗುಂಪು. ಚಾಂಪಿಯನ್ ರೀಫ್ ಗಣಿ ಮುಂದೆ 3 ಕಿಲೋಮೀಟರಿಗೂ ಮಿಕ್ಕಿದ ಆಳವನ್ನು ಮುಟ್ಟಿತು. ಬಂಡೆ ಸಿಡಿಯುವ ಅಪಾಯವಿದ್ದ ಆ ಕತ್ತಲೆಯಲ್ಲಿ ಪಕ್ಕದವನ ಎಚ್ಚರವೇ ತನ್ನ ಪ್ರಾಣ. ಇಲ್ಲಿ ಗುಂಪಿನೊಡನೆ ಹೊಂದಿಕೊಳ್ಳುವುದು ದಾಕ್ಷಿಣ್ಯದ ಪ್ರಶ್ನೆಯಾಗಿರಲಿಲ್ಲ. ಬದುಕಿ ಮೇಲೆ ಬರುವ ಪ್ರಶ್ನೆಯಾಗಿತ್ತು.

ನಾಲ್ಕನೆಯದು ಜನ ತಾವಾಗಿಯೇ ಕಟ್ಟಿಕೊಂಡ ಸಂಘಗಳು. ಪಂಡಿತ ಅಯೋತಿದಾಸರ ಪ್ರೇರಣೆಯಿಂದ ಹುಟ್ಟಿದ ಬೌದ್ಧ ಚಳವಳಿಯು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಮಾರಿಕುಪ್ಪ, ಚಾಂಪಿಯನ್ ರೀಫ್‌ಗಳಲ್ಲಿ ಬೇರೂರಿತು. ಅವರು ಆರಂಭಿಸಿದ್ದ 'ತಮಿಳನ್' ಪತ್ರಿಕೆಯು 1920ರ ದಶಕದಲ್ಲಿ ಜಿ. ಅಪ್ಪಾದುರೈಯವರ ಸಂಪಾದಕತ್ವದಲ್ಲಿ ಈ ಗಣಿ ಪ್ರದೇಶದಿಂದಲೇ ಮತ್ತೆ ಹೊರಟಿತು. ಇಲ್ಲಿನ ಸಿದ್ಧಾರ್ಥ ಪ್ರಕಾಶನವು ಬೌದ್ಧ ಮತ್ತು ವೈಚಾರಿಕ ಕೃತಿಗಳನ್ನು ಅಚ್ಚುಹಾಕಿತು. ಹುಟ್ಟಿನಿಂದ ಬಂದ ಗುಂಪಿನ ಹೆಸರನ್ನು ಒಪ್ಪದೆ ತಾನು ಆರಿಸಿಕೊಂಡ ಗುಂಪಿನ ಹೆಸರಿನಲ್ಲಿ ಬದುಕುತ್ತೇನೆ ಎಂಬ ಸಂಕಲ್ಪ ಈ ಚಳವಳಿಯ ಮೂಲದಲ್ಲಿದೆ. ಮುಂದಿನ ಚರ್ಚೆಗೆ ಇದು ಬಹಳ ಮುಖ್ಯ. ಗಣಿ ಕಾರ್ಮಿಕನು 1930ಕ್ಕೆ ಮುನ್ನವೇ ತನ್ನನ್ನು ಹೊರಗಿನವರು ಏನೆಂದು ಕರೆಯುತ್ತಾರೆ, ತಾನು ಏನೆಂದು ಕರೆದುಕೊಳ್ಳಬೇಕು ಎಂಬ ಜಿಜ್ಞಾಸೆಯ ನಡುವೆ ಇದ್ದನು. ಆ ಜಿಜ್ಞಾಸೆ ಒಬ್ಬೊಬ್ಬನ ತಲೆಯಲ್ಲಿ ಹುಟ್ಟಿದ್ದಲ್ಲ. ಸಂಘದ ಸಭೆಯಲ್ಲಿ, ಒಬ್ಬ ಓದಿ ಹತ್ತು ಮಂದಿ ಕೇಳಬಹುದಾದ ಪತ್ರಿಕೆಯಲ್ಲಿ ಬೆಳೆದದ್ದು.

3

ಗಣಿಯಲ್ಲಿ ಕಾರ್ಮಿಕನನ್ನು ಆಡಳಿತವು ಮೊದಲಿನಿಂದಲೂ ಸಂಭಾವ್ಯ ಕಳ್ಳನಂತೆ ಕಂಡಿತು. ಚಿನ್ನವಿರುವ ಅದಿರಿನ ಚೂರನ್ನು ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸುವ ವಿಶೇಷ ಕಾನೂನುಗಳು, ಪಾಳಿ ಮುಗಿಸಿ ಬರುವವನ ಮೈತಡವಿ ನೋಡುವ ತಪಾಸಣೆ, ಕಾವಲು ಪಡೆ ಇವೆಲ್ಲ ದಿನಚರಿಯ ಭಾಗವಾಗಿದ್ದವು. ಇವುಗಳ ವಿರುದ್ಧ ಅಸಮಾಧಾನವಿದ್ದರೂ ಅವುಗಳೊಡನೆ ಬದುಕುವುದನ್ನು ಜನ ಕಲಿತಿದ್ದರು. ಹಾಗಿರುವಾಗ ಮೈಗೆ ನೋವಿಲ್ಲದ, ಕೂಲಿಯನ್ನು ಕಡಿತಗೊಳಿಸದ ಬೆರಳಚ್ಚಿನ ನೋಂದಣಿ ಏಕೆ ಸಹಿಸಲಾರದ್ದಾಯಿತು?

ಬೆರಳಚ್ಚಿನ ಚರಿತ್ರೆಯಲ್ಲಿಯೇ ಇದಕ್ಕೆ ಉತ್ತರವಿದೆ. 1897ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಬೆರಳಚ್ಚು ಕಚೇರಿಯ ಕೆಲಸ ಅಪರಾಧಿಗಳ ಗುರುತನ್ನು ಕಾಯ್ದಿಡುವುದಾಗಿತ್ತು. 1911ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಕೆಲವು ಸಮುದಾಯಗಳ ಜನರಿಂದ, ಅವರು ಏನನ್ನೂ ಮಾಡಿರದಿದ್ದರೂ, ಬೆರಳಚ್ಚನ್ನು ಪಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಹುಟ್ಟಿದ ಗುಂಪನ್ನೇ ಅಪರಾಧವೆಂದು ಎಣಿಸುವ ಈ ವ್ಯವಸ್ಥೆ ಜಾರಿಯಲ್ಲಿದ್ದ ಮದ್ರಾಸು ಪ್ರಾಂತದಿಂದಲೇ ಗಣಿಯ ಬಹುಪಾಲು ಜನ ಬಂದಿದ್ದರು. ತಪಾಸಣೆಯು ಪ್ರತಿದಿನ ಕೇಳುವ ಪ್ರಶ್ನೆ 'ಇಂದು ಕದ್ದೆಯಾ?' ಎಂಬುದು. ಬೆರಳಚ್ಚು ಕೇಳುವುದಿಲ್ಲ, ಅದು ಶಾಶ್ವತವಾಗಿ ಬರೆದಿಡುತ್ತದೆ. ಒಂದು ಗಣಿಯಲ್ಲಿ ಕೆಲಸ ಕಳೆದುಕೊಂಡವನು ಬೇರೆ ಹೆಸರಿನಲ್ಲಿ ಇನ್ನೊಂದು ಗಣಿಗೆ ಸೇರುವ ಸಣ್ಣ ಸಂದಿಯನ್ನೂ ಅದು ಮುಚ್ಚುತ್ತದೆ. ಹೀಗಾಗಿ ಬೆರಳಚ್ಚು ಮಾನದ ಪ್ರಶ್ನೆಯೂ ಆಗಿತ್ತು, ಅನ್ನದ ಪ್ರಶ್ನೆಯೂ ಆಗಿತ್ತು.

ಆಶ್ ಅವರ ಪ್ರಯೋಗಕ್ಕೂ ಈ ಸನ್ನಿವೇಶಕ್ಕೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಅಲ್ಲಿ ಸತ್ಯವು ಕಣ್ಣಿಗೆ ಕಾಣುವ ಗೆರೆಯಲ್ಲಿತ್ತು. ಗುಂಪು ಅದನ್ನು ಮರೆಮಾಡುತ್ತಿತ್ತು. ಇಲ್ಲಿ ಬೆರಳಚ್ಚಿನ ಅರ್ಥವು ಶಾಯಿಯ ಗುರುತಿನಲ್ಲಿ ಕಾಣುವಂಥದ್ದಲ್ಲ. ಒಬ್ಬಂಟಿ ಕಾರ್ಮಿಕನಿಗೆ ಅದು ಇನ್ನೊಂದು ಕಚೇರಿಯ ಕಿರಿಕಿರಿಯಷ್ಟೇ ಆಗಿ ಕಾಣಬಹುದಿತ್ತು. ಲೈನಿನಲ್ಲಿ, ಪಾಳಿಯಲ್ಲಿ ಮಾತು ಹರಡಿದಾಗ ಮಾತ್ರ ಅದು ಅವಮಾನವೆಂಬ ಅರ್ಥವನ್ನು ಪಡೆಯಿತು. ಇಲ್ಲಿ ಗುಂಪು ವ್ಯಕ್ತಿಯ ಕಣ್ಣನ್ನು ಕಟ್ಟಲಿಲ್ಲ. ಅವನು ಮಂಕಾಗಿ ಅನುಭವಿಸುತ್ತಿದ್ದುದಕ್ಕೆ ಒಂದು ಭಾಷೆಯನ್ನು ಕೊಟ್ಟಿತು. ನಿರಾಕರಣೆಯ ಬೆಲೆಯನ್ನೂ ಅದು ಹಂಚಿಕೊಂಡಿತು. ಒಬ್ಬನು ಬೆರಳನ್ನು ಹಿಂದಕ್ಕೆಳೆದುಕೊಂಡರೆ ಅವನನ್ನು ವಜಾ ಮಾಡಬಹುದು. ಎಲ್ಲರೂ ಹಿಂದಕ್ಕೆಳೆದುಕೊಂಡರೆ ಗಣಿಯೇ ನಿಲ್ಲುತ್ತದೆ.

4

ಈ ಘಟನೆಯನ್ನೂ ಈ ಪ್ರದೇಶವನ್ನೂ ಓದುವ ಮೂರು ಕ್ರಮಗಳನ್ನು ನಾವು ಗುರುತಿಸಬಹುದು. ಮೊದಲನೆಯದು ಆಡಳಿತದ ಓದು. ನಾಯಕನಿಲ್ಲದ ಮುಷ್ಕರವನ್ನು ಅರ್ಥಮಾಡಿಕೊಳ್ಳುವ ಪರಿಭಾಷೆ ವಸಾಹತುಶಾಹಿ ಆಡಳಿತದ ಬಳಿ ಇರಲಿಲ್ಲ. ಎಲ್ಲರೂ ಒಂದಾಗಿ ನಡೆದರೆ ಅದರ ಹಿಂದೆ ಹೊರಗಿನ ಪ್ರಚೋದಕನಿರಬೇಕು, ಇಲ್ಲವೇ ಬೆದರಿಕೆಯಿರಬೇಕು ಎಂಬುದು ಅದರ ತರ್ಕ. ರಣಜಿತ್ ಗುಹಾ ರೈತ ಬಂಡಾಯಗಳನ್ನು ಕುರಿತ ತಮ್ಮ 1983ರ ಅಧ್ಯಯನದಲ್ಲಿ ಇಂಥ ದಾಖಲೆಗಳ ಭಾಷೆಯನ್ನು ತಿರುಗಿಸಿ ಓದುವ ವಿಧಾನವನ್ನು ತೋರಿಸಿಕೊಟ್ಟರು. ಅಧಿಕಾರಿ 'ಬಲವಂತ' ಎಂದು ಬರೆದಲ್ಲಿ ಬಂಡೆದ್ದವರ ಒಗ್ಗಟ್ಟಿನ ಕ್ರಮವಿರಬಹುದೆಂದು ಸೂಚಿಸಿದರು.

ಎರಡನೆಯದು ಸಂಘಟನೆಯ ಚರಿತ್ರೆಯ ಓದು. ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮನ್ನಣೆ ದೊರೆತದ್ದು 1940ರ ದಶಕದ ಆರಂಭದ ಶಾಸನಗಳಿಂದ. ಅಲ್ಲಿಂದ ಹಿಂದಕ್ಕೆ ನೋಡುವ ಚರಿತ್ರೆಗೆ 1930 ಒಂದು ಅಪಕ್ವ ಪೂರ್ವಪೀಠಿಕೆಯಾಗಿ ಕಾಣುತ್ತದೆ: ಜನರಿದ್ದರು, ನಾಯಕರಿನ್ನೂ ಬಂದಿರಲಿಲ್ಲ. ಈ ಎರಡೂ ಓದುಗಳನ್ನು ಗಂಭೀರವಾಗಿ ಪ್ರಶ್ನಿಸಿದ ಶ್ರೇಯಸ್ಸು ಇತಿಹಾಸಕಾರ್ತಿ ಜಾನಕಿ ನಾಯರ್ ಅವರಿಗೆ ಸಲ್ಲಬೇಕು. 1930ರ ಮುಷ್ಕರವನ್ನು ಕುರಿತು ಅವರು 1990ರಲ್ಲಿ ಪ್ರಕಟಿಸಿದ ಲೇಖನ, ಗಣಿಯ ಅಪರಾಧ ಮತ್ತು ಶಿಕ್ಷೆಯನ್ನು ಕುರಿತ ಅಧ್ಯಯನ, ಗಣಿ ಮತ್ತು ಗಿರಣಿ ಕಾರ್ಮಿಕರ ಬದುಕನ್ನು ಒಟ್ಟಿಗೆ ಇಟ್ಟು ನೋಡುವ 1998ರ ಗ್ರಂಥ ಇವು ನಾಯಕನ ಗೈರುಹಾಜರಿಯನ್ನು ಕೊರತೆಯೆಂದು ಎಣಿಸದೆ ಕಾರ್ಮಿಕ ಸಂಸ್ಕೃತಿಯ ಒಳಗಿನಿಂದ ಮುಷ್ಕರವನ್ನು ನೋಡುವ ದಾರಿಯನ್ನು ತೆರೆದವು. ಪ್ರಸ್ತುತ ಲೇಖನವು ಆ ದಾರಿಗೆ ಋಣಿಯಾಗಿದೆ.

ಮೂರನೆಯದು ಇತ್ತೀಚಿನದು, ಪ್ರಭಾವದಲ್ಲಿ ಅತ್ಯಂತ ವ್ಯಾಪಕವಾದದ್ದು. 2018 ಮತ್ತು 2022ರಲ್ಲಿ ಎರಡು ಭಾಗಗಳಾಗಿ ತೆರೆಕಂಡ, ಪ್ರಶಾಂತ್ ನೀಲ್ ನಿರ್ದೇಶನದ 'ಕೆ.ಜಿ.ಎಫ್' ಚಲನಚಿತ್ರವು ಈ ನೆಲದ ಹೆಸರನ್ನು ದೇಶದಾದ್ಯಂತ ಪಸರಿಸಿತು. ಚಿತ್ರದ 'ನರಾಚಿ' ಕಲ್ಪಿತ ಗಣಿ. ಅದನ್ನು ಚರಿತ್ರೆಯ ಮಾನದಂಡದಿಂದ ಅಳೆಯುವುದು ಉಚಿತವಲ್ಲ. ಆದರೆ ಹೆಸರು ನಿಜವಾದ ಊರಿನದು, ಚಿತ್ರೀಕರಣಕ್ಕೆ ಬಳಕೆಯಾದ ಸಯನೈಡ್ ದಿಬ್ಬಗಳೂ ನಿಜವಾದವು. ಆದ್ದರಿಂದ ಚಿತ್ರವು ಗುಂಪನ್ನು ಕಲ್ಪಿಸಿಕೊಂಡ ಬಗೆಯನ್ನು ಪ್ರಶ್ನಿಸುವ ಹಕ್ಕು ವಿಮರ್ಶೆಗಿದೆ. ಅಲ್ಲಿ ದುಡಿಯುವವರು ಮುಖವಿಲ್ಲದ ಗುಲಾಮರು. ಅವರ ನಡುವೆ ಭಯವಿದೆ, ಶೋಕವಿದೆ, ಪ್ರಾರ್ಥನೆಯಿದೆ. ಸಂಘವಿಲ್ಲ, ಪತ್ರಿಕೆಯಿಲ್ಲ, ವಾದವಿಲ್ಲ. ಹೊರಗಿನಿಂದ ಬಂದ ಒಬ್ಬನು ಕಾವಲುಗಾರರನ್ನು ಕೊಂದಾಗ ಅವರಿಗೆ ಧೈರ್ಯ ಬರುತ್ತದೆ. ಆ ಧೈರ್ಯವೂ ಕೂಡಲೇ ಅವನ ಮೇಲಿನ ಭಕ್ತಿಯಾಗಿ ಮಾರ್ಪಡುತ್ತದೆ. ಒಬ್ಬ ಯಜಮಾನನಿಗೆ ಮಣಿಯುತ್ತಿದ್ದವರು ಇನ್ನೊಬ್ಬನಿಗೆ ಮಣಿಯುತ್ತಾರೆ. ಚಿತ್ರದ ಕಥೆ ಆರಂಭವಾಗುವ 1951ರ ಹೊತ್ತಿಗೆ ನಿಜವಾದ ಗಣಿಯಲ್ಲಿ ಕಾನೂನುಬದ್ಧ ಸಂಘಗಳಿಗೆ ಸುಮಾರು ಹತ್ತು ವರ್ಷ ತುಂಬಿತ್ತು. ಬೆರಳಚ್ಚಿನ ಮುಷ್ಕರ ನಡೆದು 21 ವರ್ಷಗಳಾಗಿದ್ದವು.

ಈ ಚಿತ್ರವನ್ನು ಆಡಳಿತದ ಕಡತದ ಪಕ್ಕದಲ್ಲಿಟ್ಟರೆ ಒಂದು ವಿಚಿತ್ರ ಸಾಮ್ಯ ಕಾಣುತ್ತದೆ. ಕಡತಕ್ಕೆ ಪ್ರಚೋದಕ ಬೇಕು, ಚಿತ್ರಕ್ಕೆ ವೀರ ಬೇಕು. ಗುಂಪು ತಾನಾಗಿ ಯೋಚಿಸಲಾರದು ಎಂಬುದರಲ್ಲಿ ಎರಡಕ್ಕೂ ಸಹಮತವಿದೆ. 2024ರಲ್ಲಿ ತೆರೆಕಂಡ ಪಾ. ರಂಜಿತ್ ಅವರ ತಮಿಳು ಚಿತ್ರ 'ತಂಗಲಾನ್' ಇದಕ್ಕೆ ಒಂದು ಪ್ರತ್ಯುತ್ತರ. ಅದು ಉತ್ತರ ಆರ್ಕಾಟಿನಿಂದ ಚಿನ್ನದ ನೆಲಕ್ಕೆ ಹೊರಟ ದಲಿತ ಸಮುದಾಯಕ್ಕೆ ಮುಖವನ್ನೂ ಪೂರ್ವಿಕರ ನೆನಪನ್ನೂ ಹಿಂತಿರುಗಿಸುತ್ತದೆ. ಆದರೂ ಅಲ್ಲಿಯೂ ಸಮುದಾಯದ ಅರಿವು ಒಬ್ಬ ನಾಯಕನ ಕನಸುಗಳ ಮೂಲಕವೇ ಹಾದು ಬರಬೇಕಾಗಿದೆ. ನಾಯಕನಿಲ್ಲದ 21 ದಿನಗಳನ್ನು ಕಥಿಸುವ ಕ್ರಮವನ್ನು ನಮ್ಮ ಜನಪ್ರಿಯ ಕಲೆ ಇನ್ನೂ ಕಂಡುಕೊಂಡಿಲ್ಲ.

5

ಹಾಗೆಂದು ಗುಂಪನ್ನು ವೈಭವೀಕರಿಸುವುದೂ ಅಪಾಯಕಾರಿ. ಒಗ್ಗಟ್ಟಿಗೆ ಒಳಗಿನ ಬೆಲೆಯೊಂದಿರುತ್ತದೆ. ಈ ವಿಷಯದಲ್ಲಿ ಇನ್ನೊಂದು ಚಿನ್ನದ ಊರಿನ ಅನುಭವ ನಮಗೆ ನೆರವಾಗುತ್ತದೆ. 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ರಂಗಮಂದಿರವೊಂದರಲ್ಲಿ ನೆರೆದ ಭಾರತೀಯರು, ಬೆರಳಚ್ಚು ಸಹಿತವಾದ ನೋಂದಣಿಯ ಕಾನೂನಿಗೆ ಮಣಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಆ ಸಭೆಯಲ್ಲಿ ಗಾಂಧೀಜಿ ಒತ್ತಿ ಹೇಳಿದ್ದು, ಉಳಿದವರೆಲ್ಲ ಬಿಟ್ಟುಹೋದರೂ ತಾನೊಬ್ಬನೇ ನಿಲ್ಲಬಲ್ಲೆನೇ ಎಂದು ಪ್ರತಿಯೊಬ್ಬನೂ ತನ್ನನ್ನು ತಾನು ಕೇಳಿಕೊಂಡು ಪ್ರತಿಜ್ಞೆ ಮಾಡಬೇಕೆಂಬುದನ್ನು. ಸಮೂಹದ ಪ್ರತಿಜ್ಞೆಯನ್ನು ಅವರು ವ್ಯಕ್ತಿಯ ಆತ್ಮಸಾಕ್ಷಿಗೆ ಕಟ್ಟಿದರು. ಮುಂದೆ 1908ರ ಆರಂಭದಲ್ಲಿ ರಾಜಿಯಾಗಿ, ಅವರೇ ಸ್ವಇಚ್ಛೆಯಿಂದ ನೋಂದಾಯಿಸಿಕೊಳ್ಳಲು ಹೊರಟಾಗ, ಫೆಬ್ರವರಿ 10ರಂದು ಮೀರ್ ಆಲಂ ಮತ್ತು ಅವನ ಸಂಗಡಿಗರು ಅವರ ಮೇಲೆ ಹಲ್ಲೆ ಮಾಡಿದರು. ಪ್ರತಿಜ್ಞೆಯನ್ನು ಕಾಯುವ ಗುಂಪು, ಪ್ರತಿಜ್ಞೆಯನ್ನು ಬೇರೆಯಾಗಿ ಅರ್ಥೈಸಿದ ವ್ಯಕ್ತಿಯನ್ನು ಸಹಿಸಲಿಲ್ಲ.

ಕೋಲಾರದ ಗಣಿಯಲ್ಲಿಯೂ ಬೆರಳು ಒತ್ತಲು ಸಿದ್ಧರಿದ್ದವರು ಇದ್ದಿರಬೇಕು. ಸಾಲದಲ್ಲಿ ಮುಳುಗಿದವನಿಗೆ, ಮೇಸ್ತ್ರಿಯ ಹಂಗಿನಲ್ಲಿದ್ದವನಿಗೆ 21 ದಿನಗಳ ಕೂಲಿ ಸಣ್ಣ ಮಾತಲ್ಲ. ಅವರು ಸುಮ್ಮನಿದ್ದದ್ದು ಮನವರಿಕೆಯಿಂದಲೋ, ನಾಚಿಕೆಯಿಂದಲೋ, ಭಯದಿಂದಲೋ? ಸಂಪೂರ್ಣ ಮುಷ್ಕರದ ಹೊರನೋಟದಲ್ಲಿ ಈ ಮೂರೂ ಒಂದೇ ಬಗೆಯಾಗಿ ಕಾಣುತ್ತವೆ. ಕೂಲಿಯಿಲ್ಲದ ಆ ದಿನಗಳಲ್ಲಿ ಒಲೆ ಹೊತ್ತಿಸುವ ಹೊಣೆ ಹೊತ್ತ ಹೆಂಗಸರ ಅಭಿಪ್ರಾಯವು ನಿರ್ಧಾರದಲ್ಲಿ ಎಷ್ಟು ತೂಗಿತು ಎಂಬುದೂ ಕೇಳಬೇಕಾದ ಪ್ರಶ್ನೆಯೇ. ಬೆರಳಚ್ಚಿನ ಎದುರು ಒಂದಾದ ಜನ ಲೈನುಗಳೊಳಗಿನ ಜಾತಿಭೇದದ ಎದುರು ಅದೇ ಬಗೆಯಲ್ಲಿ ಒಂದಾದರೆಂದು ಭಾವಿಸಲು ಕಾರಣವಿಲ್ಲ. ಅಂಬೇಡ್ಕರ್ ಜಾತಿಯನ್ನು ಕುರಿತ ತಮ್ಮ ಬರಹಗಳಲ್ಲಿ ತೋರಿಸಿರುವಂತೆ, ಭಾರತದ ಗುಂಪುಗಳ ದೊಡ್ಡ ಬಲವಿರುವುದು ಬಹಿಷ್ಕಾರದಲ್ಲಿ. ಗುಂಪನ್ನು ಮೀರಿದವನು ಅನ್ನ, ಹೆಣ್ಣುಗಂಡಿನ ಸಂಬಂಧ, ಸಾವಿನ ಹೆಗಲು ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಹೀಗಾಗಿ ಒಂದು ಗುಂಪನ್ನು ತೂಗುವಾಗ ಮೂರು ಪ್ರಶ್ನೆಗಳನ್ನಾದರೂ ಕೇಳಬೇಕು: ಒಪ್ಪದವನು ತೆರುವ ಬೆಲೆಯೇನು? ಒಪ್ಪುವ ಮುನ್ನ ಮಾತನಾಡುವ ಅವಕಾಶ ಅವನಿಗಿತ್ತೇ? ಆ ಗುಂಪನ್ನು ಬಿಟ್ಟುಹೋಗುವುದು ಸಾಧ್ಯವೇ? ಜಾತಿಯ ಗುಂಪು ಈ ಮೂರರಲ್ಲಿಯೂ ಸೋಲುತ್ತದೆ. ತಾನಾಗಿ ಆರಿಸಿಕೊಂಡ ಬೌದ್ಧ ಸಂಘವು ಬಹುಮಟ್ಟಿಗೆ ಗೆಲ್ಲುತ್ತದೆ. 1930ರ ಮುಷ್ಕರ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದು ಸಂಶೋಧನೆಗೆ ಉಳಿದಿರುವ ಕೆಲಸ.

ಆ ಕೆಲಸ ಕನ್ನಡದಲ್ಲಿ ಆಗಬೇಕಾದರೆ ಒಂದು ಭಾಷಿಕ ಸಂಕೋಚವನ್ನು ನಾವು ದಾಟಬೇಕು. ಬಹುಕಾಲ ಬಂಗಾರಪೇಟೆ ತಾಲ್ಲೂಕಿನ ಭಾಗವಾಗಿಯೇ ಇದ್ದ ಈ ಪ್ರದೇಶವು ಕನ್ನಡ ವಿದ್ವತ್ತಿನ ಭೂಪಟದಲ್ಲಿ ಹೊರನಾಡಿನಂತೆ ಉಳಿದಿದೆ. ಶಿವನಸಮುದ್ರದ ವಿದ್ಯುತ್ತನ್ನು ಕುರಿತು ಹೆಮ್ಮೆಯಿಂದ ಬರೆಯುವ ನಾವು ಆ ವಿದ್ಯುತ್ತಿನ ಬೆಳಕಿನಲ್ಲಿ ದುಡಿದವರನ್ನು ಕುರಿತು ಬರೆದದ್ದು ಕಡಿಮೆ. ಅವರ ಪತ್ರಿಕೆ, ಕರಪತ್ರ, ಸಂಘದ ನಡಾವಳಿಗಳು ತಮಿಳಿನಲ್ಲಿವೆ. ಅವುಗಳನ್ನು ಓದದೆ, ಇಂಗ್ಲಿಷಿನ ಆಡಳಿತ ಕಡತಗಳಿಂದಷ್ಟೇ ಆ ಜನರ ಮನಸ್ಸನ್ನು ಊಹಿಸುವುದೆಂದರೆ ಕಾವಲುಗಾರನ ಕಣ್ಣಿನಿಂದ ಕಾರ್ಮಿಕನನ್ನು ನೋಡಿದಂತೆ.

6

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ತನ್ನ ಗಣಿಗಳನ್ನು ಮುಚ್ಚಿತು. ಮುಚ್ಚಿದ್ದು ಉದ್ಯೋಗವೊಂದನ್ನಷ್ಟೇ ಅಲ್ಲ. ಪಾಳಿ, ಲೈನು, ಸಂಘ ಮೂರನ್ನೂ ಹಿಡಿದಿಟ್ಟಿದ್ದ ಕೀಲನ್ನು. ಅಂದಿನಿಂದ ಮಾರಿಕುಪ್ಪ, ಚಾಂಪಿಯನ್, ಊರಿಗಾಂ ನಿಲ್ದಾಣಗಳಿಂದ ಸಾವಿರಾರು ಜನ ನಸುಕಿನ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂತಿರುಗುತ್ತಾರೆ. ಒಂದು ಕಾಲಕ್ಕೆ ದುಡಿಮೆಗಾರರನ್ನು ಗಣಿಯತ್ತ ಕರೆತಂದ ಕವಲು ದಾರಿಯೇ ಈಗ ಅವರ ಮೊಮ್ಮಕ್ಕಳನ್ನು ಹೊರಗೊಯ್ಯುತ್ತಿದೆ. ರೈಲಿನಲ್ಲಿಯೂ ಗುಂಪುಗಳಿವೆ, ಒಬ್ಬರಿಗೊಬ್ಬರು ಜಾಗ ಹಿಡಿದುಕೊಡುತ್ತಾರೆ, ಕೆಲಸದ ಸುದ್ದಿ ಹೇಳುತ್ತಾರೆ. ಆದರೆ ಗಣಿಯ ಗುಂಪಿಗೂ ಇದಕ್ಕೂ ಮೂಲಭೂತವಾದ ವ್ಯತ್ಯಾಸವಿದೆ. ಗಣಿಯಲ್ಲಿ ಜೊತೆಗೆ ಬಾಳುವವರೇ ಜೊತೆಗೆ ದುಡಿಯುತ್ತಿದ್ದರು, ಒಂದೇ ಆಡಳಿತವನ್ನು ಎದುರಿಸುತ್ತಿದ್ದರು. ರೈಲಿನಲ್ಲಿ ಜೊತೆಗೆ ಕುಳಿತವರು ಇಳಿದ ಮೇಲೆ ನೂರಾರು ಮಾಲೀಕರ ಬಾಗಿಲುಗಳಿಗೆ ಚದುರಿಹೋಗುತ್ತಾರೆ.

ಆ ಬಾಗಿಲುಗಳಲ್ಲಿ ಇಂದು ಹಾಜರಿ ಯಂತ್ರಗಳು ಬೆರಳಚ್ಚನ್ನು ಕೇಳುವುದು ಸಾಮಾನ್ಯ. 2010ರಿಂದ ವಿತರಣೆ ಆರಂಭವಾದ ಆಧಾರ್ ಸಂಖ್ಯೆಗಾಗಿ ಹತ್ತೂ ಬೆರಳುಗಳನ್ನು ಕೊಟ್ಟಾಗಿದೆ. ಬೆರಳಚ್ಚಿಗೆ ಅಂದಿದ್ದ ಅಪರಾಧದ ಕಳಂಕ ಈಗಿಲ್ಲ, ನಿಜ. ಎಲ್ಲ ವರ್ಗದವರೂ ಅದನ್ನು ಕೊಡುತ್ತಾರೆ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಮೊಕದ್ದಮೆಯಿಂದಲೇ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂಬ ತೀರ್ಪು ಬಂದಿತು. 2018ರ ತೀರ್ಪು ಆಧಾರನ್ನು ಕೆಲವು ಮಿತಿಗಳೊಡನೆ ಎತ್ತಿಹಿಡಿಯಿತು. 1930ರಲ್ಲಿ ಹೆಸರಿಲ್ಲದ ಸಾವಿರಾರು ಜನ ಎತ್ತಿದ ಪ್ರಶ್ನೆಯನ್ನು ಇಲ್ಲಿ ಹೆಸರುಳ್ಳ ಒಬ್ಬ ವ್ಯಕ್ತಿ ಎತ್ತಿದರು. ಎರಡೂ ಗೌರವಾರ್ಹವೇ. ಆದರೆ ನ್ಯಾಯಾಲಯದ ದಾರಿ ತೆರೆದಿರುವುದು ಓದು, ಸ್ಥಾನ, ಸಮಯ ಉಳ್ಳ ವ್ಯಕ್ತಿಗೆ. ದಿನಗೂಲಿಯವನಿಗೆ ಇದ್ದ ದಾರಿಯೆಂದರೆ ಪಕ್ಕದವನೂ ತನ್ನ ಜೊತೆ ನಿಲ್ಲುತ್ತಾನೆಂಬ ಭರವಸೆ ಮಾತ್ರ.

ವ್ಯಕ್ತಿಸ್ವಾತಂತ್ರ್ಯಕ್ಕೆ ಗುಂಪು ಯಾವಾಗಲೂ ಶತ್ರುವೆಂಬ ವಾದವು ಈ ಭರವಸೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಣಿಯ ಕಾರ್ಮಿಕನು ಗುಂಪಿನೊಳಗಿದ್ದದ್ದರಿಂದ ತನ್ನತನವನ್ನು ಕಳೆದುಕೊಳ್ಳಲಿಲ್ಲ. ತನ್ನ ಬೆರಳು ತನ್ನದೆಂದು ಹೇಳುವ ಶಕ್ತಿಯನ್ನು ಅವನು ಅಲ್ಲಿಂದಲೇ ಪಡೆದನು. ಗುಂಪು ಕರಗಿದ ಮೇಲೆ ಅವನ ಮೊಮ್ಮಗನು ಯಾರಿಗೂ ಮಣಿಯಬೇಕಾಗಿಲ್ಲದ ಸ್ವತಂತ್ರ ವ್ಯಕ್ತಿಯಾಗಿದ್ದಾನೆಯೇ ಎಂಬ ಪ್ರಶ್ನೆಯನ್ನು ನಮ್ಮ ಸಮಾಜಶಾಸ್ತ್ರವೂ ಸಾಹಿತ್ಯ ವಿಮರ್ಶೆಯೂ ಎದುರಿಸಬೇಕು. ಅದನ್ನು ಎದುರಿಸುವವರೆಗೆ 1930ರ ಆ 21 ದಿನಗಳು ನಮ್ಮ ಚರಿತ್ರೆಯಲ್ಲಿ ಒಂದು ತಾರೀಖಾಗಿ ಮಾತ್ರ ಉಳಿಯುತ್ತವೆ.